ಬ್ರಹ್ಮದಂಡೆ ಹೂಬಿಟ್ಟಿದೆ

ಬೆಳಿಗ್ಗೆ ಶಿರಾ ಹತ್ತಿರದ ನಮ್ಮ ಹೊಲಕ್ಕೆ ಹೋಗಿದ್ದೆ. ರಾಗಿ ಕೊಯ್ಲು ಮುಗಿದಿದೆ. ಬದುವಿನ ಮೇಲೆ, ಕಲ್ಲುಗಳ ನಡುವೆ, ಒಂದು ಬ್ರಹ್ಮದಂಡೆ ಗಿಡ.

ಮೊಣಕಾಲೆತ್ತರ, ಮೈತುಂಬ ಮುಳ್ಳು. ತುದಿಯಲ್ಲಿ ನಿಂಬೆಹಣ್ಣಿನಷ್ಟು ದಪ್ಪದ ಹೂಚೆಂಡು. ಬಿಳಿಗೆ ಚೂರೇ ಚೂರು ನೀಲಿ ಬೆರೆಸಿದ ಬಣ್ಣ.

ಸುಮ್ನೆ ಪಕ್ಕದಲ್ಲಿ ಕೂತು ನೋಡಿದೆ. ಅದು ಒಂದು ಹೂವಲ್ಲ! ಐದೈದು ಸೀಳಿನ ಪುಟಾಣಿ ಹೂಗಳು ಎಷ್ಟೋ ಸೇರಿ ಒಂದು ಚೆಂಡಾಗಿವೆ. ಒಂದೊಂದೂ ನಕ್ಷತ್ರದ ಥರ. ಸೂರ್ಯಕಾಂತಿಯೂ ಇದೇ ಕುಟುಂಬದ್ದು. ಎಲೆ ತಿರುಗಿಸಿದೆ, ಅಡಿಯಲ್ಲಿ ಹತ್ತಿಯಂಥ ಬಿಳಿ ನವಿರು. ಅಷ್ಟರಲ್ಲಿ ಬೆರಳಿಗೆ ಚುಚ್ಚಿತು.

"ಅದನ್ಯಾಕವ್ವ ಮುಟ್ತೀಯ? ಕುರಿನೂ ಬಾಯಿ ಹಾಕಲ್ಲ" ಅಂದರು ಕುರಿ ಮೇಯಿಸುತ್ತಿದ್ದ ತಾತ.

ಕುರಿ ಬಿಟ್ಟಿದ್ದಕ್ಕೇ ಅಲ್ವಾ ಇದು ಉಳಿದಿದ್ದು. ಸುತ್ತ ಹಸಿರೆಲ್ಲ ಒಣಗಿರುವಾಗ ಜೇನುಹುಳಗಳಿಗೆ ಇದೊಂದೇ ಅಂಗಡಿ ತೆರೆದಿತ್ತು. ನಾಲ್ಕೈದು ಹುಳ ಚೆಂಡಿನ ಸುತ್ತ ಓಡಾಡುತ್ತಲೇ ಇದ್ದವು. ಚಿಕ್ಕಂದಿನಲ್ಲಿ ನಾನು ಇಂಥ ಎಷ್ಟು ಗಿಡಗಳನ್ನು ಕೋಲಿನಿಂದ ಹೊಡೆದು ಬೀಳಿಸಿದ್ದೆನೋ. ನೆನೆದು ಬೇಜಾರಾಯಿತು.

ಟ್ರ್ಯಾಕ್ಟರ್ ಬಂದಾಗ ಆ ಬದು ಸವರಬೇಡಿ ಅಂತ ಹೇಳಬೇಕು. ಪಾವಗಡ, ಮಧುಗಿರಿ ಕಡೆಯವರೇ, ನಿಮ್ಮಲ್ಲೂ ಹೂಬಿಟ್ಟಿದೆಯಾ?