ಸಂಬಳ ಬಂದ ದಿನವೇ ಊರಿನ ಪಾಲು ಕಳಿಸಿಬಿಡಿ

ದುಬೈಗೆ ಹೊಸದಾಗಿ ಬಂದ ನಮ್ಮ ಉಡುಪಿ, ಕುಂದಾಪುರ ಕಡೆಯ ಹುಡುಗರು ಮೊದಲ ಸಂಬಳ ಬಿದ್ದ ಕೂಡಲೇ ಕೇಳುವ ಪ್ರಶ್ನೆ, "ಅಣ್ಣಾ, ಊರಿಗೆ ದುಡ್ಡು ಕಳಿಸಲು ಯಾವ ಮನಿ ಎಕ್ಸ್‌ಚೇಂಜಿನಲ್ಲಿ ರೇಟು ಜಾಸ್ತಿ ಉಂಟು?" ನಾನು ತಿರುಗಿ ಕೇಳುತ್ತೇನೆ, ದುಡ್ಡು ಊರಲ್ಲಿ ಯಾವ ಖಾತೆಗೆ ಹೋಗ್ತದೆ? ಹತ್ತರಲ್ಲಿ ಎಂಟು ಜನರ ಉತ್ತರ ಒಂದೇ: ಅಪ್ಪನ ಖಾತೆಗೆ, ಇಲ್ಲಾಂದ್ರೆ ಕಾಲೇಜಿಗೆ ಹೋಗುವಾಗ ಮಾಡಿಸಿದ ನನ್ನ ಹಳೇ ಎಸ್‌ಬಿ ಖಾತೆಗೆ.

ಹಳೇ ಎಸ್‌ಬಿ ಖಾತೆಯ ವಿಷಯ ಮೊದಲು. ಕೆಲಸಕ್ಕೆಂದು ವಿದೇಶಕ್ಕೆ ಬಂದ ಮೇಲೆ ನೀವು ಫೆಮಾ, ಅಂದರೆ ಭಾರತದ ವಿದೇಶಿ ವಿನಿಮಯ ಕಾನೂನಿನ ಪ್ರಕಾರ ಎನ್‌ಆರ್‌ಐ. ಆ ಖಾತೆಯನ್ನು ಹಾಗೇ ಇಟ್ಟುಕೊಳ್ಳುವಂತಿಲ್ಲ, ಬ್ಯಾಂಕಿಗೆ ತಿಳಿಸಿ ಎನ್‌ಆರ್‌ಒ ಖಾತೆಯಾಗಿ ಬದಲಾಯಿಸಬೇಕು. ಊರಿನ ಮನೆ ಬಾಡಿಗೆಯಂಥ ದುಡ್ಡು ಅಲ್ಲಿಗೆ ಬರಲಿ. ಇಲ್ಲಿ ದುಡಿದದ್ದಕ್ಕೆ ಬೇರೆಯೇ ಒಂದು ಎನ್‌ಆರ್‌ಇ ಖಾತೆ ತೆರೆಯಿರಿ. ಎನ್‌ಆರ್‌ಇಯಲ್ಲಿ ಬರುವ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ, ಎನ್‌ಆರ್‌ಒ ಬಡ್ಡಿಯಲ್ಲಿ 30 ಶೇಕಡಾ ಟಿಡಿಎಸ್ (ಬ್ಯಾಂಕೇ ಮೊದಲು ಹಿಡಿದುಕೊಳ್ಳುವ ತೆರಿಗೆ), ಮೇಲೆ ಸೆಸ್ ಬೇರೆ ಹೋಗುತ್ತದೆ. ಇನ್ನೊಂದು ವ್ಯತ್ಯಾಸವೂ ಇದೆ. ನಾಳೆ ಆ ದುಡ್ಡು ಮತ್ತೆ ಹೊರದೇಶದಲ್ಲಿ ಬೇಕಾದರೆ ಎನ್‌ಆರ್‌ಇಯಿಂದ ಅಸಲು, ಬಡ್ಡಿ ಎರಡನ್ನೂ ತರಬಹುದು. ಎನ್‌ಆರ್‌ಒದಿಂದ ತರಲು ವರ್ಷಕ್ಕೆ 10 ಲಕ್ಷ ಡಾಲರಿನ ಮಿತಿ ಇದೆ. ಮಿತಿ ನಮ್ಮಂಥವರಿಗೆ ಮುಟ್ಟುವುದಿಲ್ಲ, ಆದರೆ ತೆರಿಗೆ ಕಟ್ಟಿದ ಕಾಗದ, ಸಿಎ ಸರ್ಟಿಫಿಕೇಟು ಅಂತ ಓಡಾಟ ಮುಟ್ಟುತ್ತದೆ.

ಇನ್ನು ಅಪ್ಪನ ಖಾತೆ. ಇದನ್ನು ಬರೆಯುವಾಗ ನನಗೆ ಸ್ವಲ್ಪ ಸಂಕಟ ಆಗುತ್ತದೆ, ಯಾಕೆಂದರೆ ನಾವೆಲ್ಲ ಬಂದದ್ದೇ ಮನೆಯವರಿಗಾಗಿ ಅಲ್ವಾ. ಮಗ ಅಪ್ಪ ಅಮ್ಮನಿಗೆ ಕಳಿಸಿದ ದುಡ್ಡಿಗೆ ಅವರು ತೆರಿಗೆ ಕಟ್ಟಬೇಕಾಗಿಲ್ಲ. ಆದರೆ ಅಲ್ಲಿ ಎಫ್‌ಡಿ ಇಟ್ಟರೆ ಅದರ ಬಡ್ಡಿ ಅವರ ಆದಾಯ. ತೆರಿಗೆಗಿಂತ ದೊಡ್ಡ ವಿಷಯ ಇನ್ನೊಂದು. ವರ್ಷಗಟ್ಟಲೆ ಇಡೀ ಸಂಬಳ ಊರಿಗೆ ಹಾಕಿ, ಅಲ್ಲಿ ಮನೆ ಕಟ್ಟಿ, ತಂಗಿಯರ ಮದುವೆ ಮಾಡಿ, ಕೊನೆಗೆ ವೀಸಾ ಕ್ಯಾನ್ಸಲ್ ಆಗಿ ಹೊರಟಾಗ ತನ್ನ ಹೆಸರಲ್ಲಿ ಏನೂ ಇಲ್ಲದ ಅಣ್ಣಂದಿರನ್ನು ಇಲ್ಲಿ ಕಂಡಿದ್ದೇನೆ. ಯಾರೂ ಅವರಿಗೆ ಮೋಸ ಮಾಡಿರಲಿಲ್ಲ. ಅವರ ಪಾಲು ಅಂತ ಒಂದನ್ನು ಯಾರೂ ಎತ್ತಿಟ್ಟಿರಲಿಲ್ಲ, ಅಷ್ಟೇ. ಹಾಗಾಗಿ ಮನೆ ಖರ್ಚಿಗೆ ಎಷ್ಟು ಬೇಕೋ ಅಷ್ಟು ಅಮ್ಮನ ಖಾತೆಗೆ, ಉಳಿತಾಯ ನಿಮ್ಮ ಎನ್‌ಆರ್‌ಇಗೆ. ಅವಸರಕ್ಕೆ ಮನೆಯವರಿಗೆ ಬೇಕಲ್ಲ ಅನ್ನುವವರು ಅದೇ ಖಾತೆಗೆ ಅಮ್ಮನಿಗೋ ಹೆಂಡತಿಗೋ ಮ್ಯಾಂಡೇಟ್ ಕೊಡಬಹುದು, ಊರಿನ ಪೇಮೆಂಟುಗಳನ್ನು ಅವರು ಮಾಡಬಹುದು. ನಾಮಿನಿ ಹೆಸರನ್ನಂತೂ ಖಂಡಿತ ಬರೆಸಿ.

ಈಗ ರೇಟಿಗೆ ಬರೋಣ. "ಫೀ ಸೊನ್ನೆ" ಅಂತ ಬೋರ್ಡು ಹಾಕಿದವರು ಸುಮ್ನೆ ಸೇವೆ ಮಾಡುತ್ತಿಲ್ಲ, ಅವರ ಲಾಭ ರೇಟಿನೊಳಗೆ ಇರುತ್ತದೆ. ಒಂದು ಲೆಕ್ಕ ನೋಡಿ. ಗೂಗಲ್‌ನಲ್ಲಿ ಕಾಣುವ ರೇಟು ಒಂದು ದಿರ್ಹಮಿಗೆ (ಇಲ್ಲಿನ ಕರೆನ್ಸಿ) 23 ರೂಪಾಯಿ ಅಂದುಕೊಳ್ಳಿ. ಒಬ್ಬ ಫೀ ಇಲ್ಲದೆ 22.90 ಕೊಡುತ್ತಾನೆ, ಇನ್ನೊಬ್ಬ 22.98 ಕೊಟ್ಟು 20 ದಿರ್ಹಮ್ ಫೀ ತೆಗೆದುಕೊಳ್ಳುತ್ತಾನೆ. ನಿಮ್ಮ ಹತ್ತಿರ 2,000 ದಿರ್ಹಮ್ ಇದ್ದರೆ ಮೊದಲನೆಯವನಲ್ಲಿ 45,800 ರೂಪಾಯಿ, ಎರಡನೆಯವನಲ್ಲಿ 45,500. ಅದೇ 10,000 ಇದ್ದರೆ ಮೊದಲನೆಯವನಲ್ಲಿ 2,29,000, ಎರಡನೆಯವನಲ್ಲಿ 2,29,340. ಅಂದರೆ ಸಣ್ಣ ಮೊತ್ತಕ್ಕೆ ಫೀ ಭಾರ, ದೊಡ್ಡ ಮೊತ್ತಕ್ಕೆ ರೇಟು ಭಾರ. ಕೌಂಟರಿನಲ್ಲಿ ಕೇಳಬೇಕಾದ್ದು ಇಷ್ಟೇ, ನಾನು ಇಷ್ಟು ಕೊಟ್ಟರೆ ಊರಲ್ಲಿ ಎಷ್ಟು ರೂಪಾಯಿ ಬೀಳುತ್ತದೆ? ದೊಡ್ಡ ಮೊತ್ತ ಇದ್ದರೆ ಒಂದೆರಡು ಪೈಸೆ ಜಾಸ್ತಿ ಕೇಳಿ, ಕೆಲವರು ಕೊಡುತ್ತಾರೆ. ವಾರದ ಕೊನೆಯಲ್ಲಿ ಮಾರ್ಕೆಟ್ ಮುಚ್ಚಿರುವಾಗ ರೇಟು ಸ್ವಲ್ಪ ಬಿಗಿ ಇರುತ್ತದೆ.

ಮತ್ತೆ, ರೇಟು ಏರಲಿ ಅಂತ ದುಡ್ಡು ಹಿಡಿದು ಕೂರುವ ಚಟ. ದಿರ್ಹಮ್ 1997ರಿಂದ ಡಾಲರಿಗೆ 3.6725 ಅಂತ ಕಟ್ಟಿಹಾಕಿದ ಕರೆನ್ಸಿ, ಆದ್ದರಿಂದ ನಾವು ದಿನಾ ನೋಡುವ ಏರಿಳಿತ ಡಾಲರ್ ಮತ್ತು ರೂಪಾಯಿಯ ನಡುವಿನದು. ಅದನ್ನು ದೊಡ್ಡ ದೊಡ್ಡ ಬ್ಯಾಂಕಿನವರೇ ಮೊದಲೇ ಹೇಳಲಾರರು, ರೂಮಿನಲ್ಲಿ ಕೂತು ನಾವು ಹೇಗೆ ಹೇಳುವುದು? 2,000 ದಿರ್ಹಮಿಗೆ ಹತ್ತು ಪೈಸೆ ಏರಿದರೆ ಸಿಗುವುದು 200 ರೂಪಾಯಿ. ಊರಿನ ಮನೆ ಲೋನಿನ ಇಎಂಐ ಒಂದು ಬೌನ್ಸ್ ಆದರೆ ಬೀಳುವ ದಂಡ ಸಾಮಾನ್ಯವಾಗಿ ಅದಕ್ಕಿಂತ ಜಾಸ್ತಿ. ಅದಕ್ಕೇ ನಾನು ಸಂಬಳ ಬಿದ್ದ ದಿನವೇ ಊರಿನ ಪಾಲು ಕಳಿಸಿಬಿಡುತ್ತೇನೆ. ಮರುವಾರಕ್ಕೆ ಬಿಟ್ಟರೆ ಅದು ಕರಗುತ್ತದೆ. ಶಾಪಿಂಗ್ ಮಾಲು ಇಲ್ಲದ ಕಡೆ ಇದ್ದರೂ ಕರಗುತ್ತದೆ.

ನಮ್ಮ ಕಡೆಯವರಿಗೆ ಹೆಚ್ಚಾಗಿ ಬರುವ ಒಂದು ತಾಪತ್ರಯ ಹೇಳಬೇಕು. ಉಡುಪಿ, ಮಂಗಳೂರಿನಲ್ಲಿ ಹುಟ್ಟಿದ ಬ್ಯಾಂಕುಗಳಲ್ಲೇ ನಮ್ಮೆಲ್ಲರ ಖಾತೆ. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಗೆ ಸೇರಿತು. ಸಿಂಡಿಕೇಟ್ ಬ್ಯಾಂಕ್ ಕೆನರಾಗೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ 2020ರಲ್ಲಿ ಸೇರಿದವು. ಬ್ಯಾಂಕ್ ಶಾಖೆಯನ್ನು ಗುರುತಿಸುವ ಐಎಫ್‌ಎಸ್‌ಸಿ ಕೋಡುಗಳೂ ಬದಲಾದವು. ಅಮ್ಮನ ಹಳೇ ಪಾಸ್‌ಬುಕ್ಕಿನ ಫೋಟೋ ವಾಟ್ಸಾಪಿನಲ್ಲಿ ತರಿಸಿಕೊಂಡು, ಅದರಲ್ಲಿದ್ದ ಸಿಂಡಿಕೇಟ್ ಕೋಡನ್ನೇ ಬರೆದುಕೊಡುವವರು ಈಗಲೂ ಸಿಗುತ್ತಾರೆ. ಹೆಸರಿನದು ಇನ್ನೊಂದು ಗೋಳು. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಪೂರ್ತಿ, ಬ್ಯಾಂಕಿನಲ್ಲಿ ಬರೀ ಇನಿಶಿಯಲ್. ನನ್ನ ರೂಮ್‌ಮೇಟ್‌ನ ದುಡ್ಡು ಇದೇ ಕಾರಣಕ್ಕೆ ಎರಡು ವಾರ ಎಲ್ಲೋ ಸಿಕ್ಕಿಹಾಕಿಕೊಂಡು ವಾಪಸ್ ಬಂತು, ಅಷ್ಟರಲ್ಲಿ ಊರಲ್ಲಿ ಅವನ ತಮ್ಮನ ಫೀಸು ಕಟ್ಟುವ ದಿನ ದಾಟಿತ್ತು. ಮೊದಲ ಸಲ ಹೊಸ ಖಾತೆಗೆ ಹಾಕುವಾಗ ಸಣ್ಣ ಮೊತ್ತ ಹಾಕಿ, ಬಿದ್ದಿದೆ ಅಂತ ಗೊತ್ತಾದ ಮೇಲೆ ಉಳಿದದ್ದು.

ಹುಂಡಿಯವರು, ಅಂದರೆ ಹವಾಲಾದವರು, ಇದಕ್ಕಿಂತ ಒಳ್ಳೇ ರೇಟು ಕೊಡುತ್ತಾರೆ, ಮನೆ ಬಾಗಿಲಿಗೇ ನೋಟು ತಲುಪಿಸುತ್ತಾರೆ ಅಂತ ಯಾರಾದರೂ ಹೇಳಿದರೆ ಹತ್ತಿರ ಹೋಗಬೇಡಿ. ಅದು ಭಾರತದಲ್ಲಿ ಕಾನೂನುಬಾಹಿರ, ದುಡ್ಡು ಮುಳುಗಿದರೆ ಕೇಳಲು ಒಂದು ಚೀಟಿಯೂ ನಿಮ್ಮ ಕೈಯಲ್ಲಿರುವುದಿಲ್ಲ.

ಎಲ್ಲವನ್ನೂ ಊರಿಗೆ ಹಾಕಿ ಇಲ್ಲಿ ಖಾಲಿಯಾಗಿ ಕೂರಬೇಡಿ. ಕೆಲಸ ಹೋದರೆ ಬಾಡಿಗೆ, ಊಟ, ಟಿಕೆಟ್ಟು ಎಲ್ಲ ದಿರ್ಹಮಿನಲ್ಲೇ ಕೊಡಬೇಕು. ಎರಡು ಮೂರು ತಿಂಗಳ ಖರ್ಚು ಇಲ್ಲೇ ಇರಲಿ. ಎಕ್ಸ್‌ಚೇಂಜಿನ ರಸೀದಿಯ ಅಕ್ಷರ ದಿನ ಕಳೆದಂತೆ ಮಾಸಿಹೋಗುತ್ತದೆ, ಆದ್ದರಿಂದ ಪ್ರತಿ ಸಲ ಫೋಟೋ ತೆಗೆದು ಒಂದು ಫೋಲ್ಡರಿಗೆ ಹಾಕಿಡಿ. ಊರಲ್ಲಿ ಜಾಗ ತೆಗೆದುಕೊಂಡ ಮೇಲೆ ದುಡ್ಡು ಎಲ್ಲಿಂದ ಬಂತು ಅಂತ ಇನ್‌ಕಮ್ ಟ್ಯಾಕ್ಸಿನವರು ಕೇಳಿದರೆ ತೋರಿಸಲು ಅದು ಬೇಕಾಗುತ್ತದೆ.