ನಾಬ್ ಮೇಲೆ 180, ಒಳಗೆ 140

ನಾನಕಟಾಯಿ ಕೆಟ್ಟರೆ ಎಲ್ಲರೂ ಮೊದಲು ತುಪ್ಪದ ಮೇಲೆ ಗೂಬೆ ಕೂರಿಸುತ್ತಾರೆ. ಧಾರವಾಡದ ನಮ್ಮ ಮನೆಯಲ್ಲೂ ಹಾಗೇ ಆಯಿತು. ದೀಪಾವಳಿ ಹತ್ತಿರ ಬಂದಿತ್ತು. ಓಟಿಜಿಯಿಂದ, ಅಂದರೆ ಕರೆಂಟಿನ ಸಣ್ಣ ಓವನ್ನಿನಿಂದ, ತೆಗೆದ ಟ್ರೇನಲ್ಲಿ ನಾನಕಟಾಯಿ ಎಲ್ಲ ರೊಟ್ಟಿಯ ಹಾಗೆ ಹರಡಿ ಒಂದಕ್ಕೊಂದು ಅಂಟಿಕೊಂಡಿದ್ದವು. ಮೇಲೆ ಬಣ್ಣವೇ ಇಲ್ಲ.

"ತುಪ್ಪ ಜಾಸ್ತಿ ಆಗೇತಿ ಬಿಡವಾ," ಅಂದರು ಅತ್ತೆ. ನೆಗೆಣ್ಣಿ ಮೈದಾ ಹಿಟ್ಟಿಗೆ ಬೈದಳು. ಅಳತೆ ಮಾತ್ರ ವರ್ಷಗಳಿಂದ ಅದೇ, ಅದೇ ವಾಟಿಯಲ್ಲಿ ಅಳೆದದ್ದು. ಹಾಗಾಗಿ ನನಗೆ ಅನುಮಾನ ಬಂದದ್ದು ಕಾವಿನ ಮೇಲೆ. ಕಾವು ಸಾಲದಿದ್ದರೆ ತುಪ್ಪ ಮೊದಲು ಕರಗಿ ಹರಿಯುತ್ತದೆ, ಹಿಟ್ಟು ಗಟ್ಟಿಯಾಗುವುದು ಆಮೇಲೆ. ಅಷ್ಟರಲ್ಲಿ ಬಿಸ್ಕೀಟಿನ ಆಕಾರ ಹೋಗಿರುತ್ತದೆ.

ಚಿಕ್ಕವರಿದ್ದಾಗ ಹುಬ್ಬಳ್ಳಿಯಲ್ಲಿ ಅವ್ವನ ಜೊತೆ ಬೇಕರಿಗೆ ಹೋಗುತ್ತಿದ್ದೆವು. ಮೈದಾ, ಸಕ್ಕರೆ, ಡಾಲ್ಡಾ ನಮ್ಮದು, ಭಟ್ಟಿ ಅವರದು. ಖಾಲಿ ತಗಡಿನ ಡಬ್ಬಿ ಹಿಡಿದು ಪಾಳಿಗೆ ಕಾಯಬೇಕು. ಭಟ್ಟಿಯವನು ಬಾಯಿಯ ಹತ್ತಿರ ಕೈ ಒಡ್ಡಿ, "ಇನ್ನೂ ಕಾವು ಹೆಚ್ಚೈತಿ, ತಡೀರಿ," ಅನ್ನುತ್ತಿದ್ದ. ಅವನ ಹತ್ತಿರ ನಾಬ್ ಇರಲಿಲ್ಲ, ಡಿಗ್ರಿ ಇರಲಿಲ್ಲ. ಆದರೆ ದಪ್ಪ ಇಟ್ಟಿಗೆಯ ಗೋಡೆ ಇತ್ತು. ಒಮ್ಮೆ ಕಾದರೆ ಬಾಗಿಲು ತೆಗೆದರೂ ಅದರ ಕಾವು ಇಳಿಯುತ್ತಿರಲಿಲ್ಲ. ನಮ್ಮ ಓಟಿಜಿ ತೆಳ್ಳನೆ ತಗಡಿನದು. ಬಾಗಿಲು ತೆಗೆದರೆ ಅರ್ಧ ಬಿಸಿ ಹೊರಗೆ.

ಮೊದಲು ಒಂದು ಸುಲಭದ ಪರೀಕ್ಷೆ ಮಾಡಿದೆ. ಅಡುಗೆಮನೆಯ ಲೈಟ್ ಆರಿಸಿ ಓವನ್ ಹಚ್ಚಿ ಗಾಜಿನಿಂದ ನೋಡಿದೆ. ಮೇಲಿನ ಕಾಯಿಲು, ಕೆಳಗಿನ ಕಾಯಿಲು ಎರಡೂ ಕೆಂಪಗಾದವು. ಅಂದರೆ ಕಾಯಿಲು ಸುಟ್ಟಿಲ್ಲ.

ಆಮೇಲೆ ತಮ್ಮನಿಗೆ ಫೋನ್ ಮಾಡಿದೆ. ಅವನು ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುತ್ತಾನೆ. ಉದ್ದ ವೈರಿನ ತುದಿಗೆ ಸ್ಟೀಲ್ ಕಡ್ಡಿ ಇರುವ ಒಂದು ಡಿಜಿಟಲ್ ಥರ್ಮಾಮೀಟರ್ ತಂದುಕೊಟ್ಟ. ಕೊಡುವಾಗಲೇ ತಕರಾರು: "ಅಕ್ಕಾ, ಮೊದಲ ಇದು ಖರೇ ಹೇಳತೈತೋ ಇಲ್ಲೋ ನೋಡು." ಕುದಿಯುವ ನೀರಿಗೆ ಇಳಿಬಿಟ್ಟರೆ 97.6 ಬಂತು. ಹಾಳಾಗಿದೆ ಅಂತ ಅಂದುಕೊಳ್ಳುವಷ್ಟರಲ್ಲಿ ಅವನೇ ನಕ್ಕು, "ಧಾರವಾಡದಾಗ ನೀರು ನೂರಕ್ಕ ಕುದಿಯೂದಿಲ್ಲ," ಅಂದ. ನಮ್ಮೂರು ಸಮುದ್ರ ಮಟ್ಟದಿಂದ 700 ಮೀಟರಿಗೂ ಮೇಲಿದೆ. ಸುಮಾರು 300 ಮೀಟರ್ ಮೇಲೆ ಹೋದಂತೆಲ್ಲ ನೀರು ಒಂದು ಡಿಗ್ರಿ ಮೊದಲೇ ಕುದಿಯುತ್ತದೆ. ಹಾಗಾಗಿ 97, 98ರ ನಡುವೆ ಬಂದರೆ ಥರ್ಮಾಮೀಟರ್ ಸರಿ ಇದೆ ಅಂತ ಲೆಕ್ಕ.

ಥರ್ಮಾಮೀಟರ್ ಇಲ್ಲದವರಿಗೂ ಒಂದು ದಾರಿ ಇದೆ. ಸಕ್ಕರೆ ಸುಮಾರು 186 ಡಿಗ್ರಿಗೆ ಕರಗುತ್ತದೆ. ಸಣ್ಣ ಬಟ್ಟಲಿನಲ್ಲಿ ಒಂದು ಚಮಚ ಸಕ್ಕರೆ ಹಾಕಿ, ಕಾದ ಓವನ್ನಿನಲ್ಲಿ 175ಕ್ಕೆ ಕಾಲು ಗಂಟೆ ಇಡಿ. ಕರಗಬಾರದು. ಆಮೇಲೆ 190ಕ್ಕೆ ಇಡಿ. ಕರಗಬೇಕು. 175ಕ್ಕೇ ಕರಗಿದರೆ ಓವನ್ ಬಿಸಿ ಜಾಸ್ತಿ, 190ಕ್ಕೂ ಹಾಗೇ ಕೂತಿದ್ದರೆ ಕಡಿಮೆ. ನಮ್ಮದರಲ್ಲಿ 200ಕ್ಕೂ ಸಕ್ಕರೆ ಸಕ್ಕರೆಯಾಗೇ ಇತ್ತು.

ಕಡ್ಡಿಯನ್ನು ಜಾಳಿಗೆಯ ನಡುವೆ, ತಗಡಿಗೆ ತಾಗದ ಹಾಗೆ ಕಟ್ಟಿ, ನಾಬನ್ನು 180ಕ್ಕೆ ಇಟ್ಟು ಕೂತೆ. ಕಾವು 140ರ ಆಸುಪಾಸು ಬಂದಾಗ ಟಕ್ ಅಂತ ಸದ್ದಾಗಿ ಕೆಂಪು ದೀಪ ಆರಿತು. ಕಾವು ಇಳಿದು 120ರ ಹತ್ತಿರ ಹೋದ ಮೇಲೆ ಮತ್ತೆ ಹತ್ತಿತು. ಏರಿಳಿತ ಎಲ್ಲ ಓವನ್ನಿನಲ್ಲೂ ಇರುತ್ತದೆ, ಕಾವು ನೋಡಿ ಓವನ್ ಆರಿಸಿ ಹಚ್ಚುವ ಥರ್ಮೋಸ್ಟ್ಯಾಟ್ ಕೆಲಸ ಮಾಡುವುದೇ ಹೀಗೆ. ಆದರೆ ಆ ಏರಿಳಿತ 180ರ ಆಚೀಚೆ ಇರಬೇಕಲ್ವಾ?

ರಿಪೇರಿಯವನೊಬ್ಬನನ್ನು ಕರೆಸಿದೆ. ಅವನು ಓವನ್ನಿನ ಬಾಗಿಲನ್ನೂ ತೆಗೆಯಲಿಲ್ಲ. "ಥರ್ಮೋಸ್ಟ್ಯಾಟ್ ಹೋಗೇತ್ರೀ ಅಕ್ಕಾರ. ಇದಕ್ಕ ಪಾರ್ಟ್ ಸಿಗೂದಿಲ್ಲ, ಹೊಸಾದ ತಗೋರಿ," ಅಂದ.

ಅವನ ಮಾತು ನನಗೆ ಒಪ್ಪಿಗೆ ಆಗಲಿಲ್ಲ. ಯಾಕೆ ಅಂದರೆ, ನಮ್ಮ ಓವನ್ನಿನಲ್ಲಿ ನಾಬಿನ ಹಿಂದಿನಿಂದ ಒಂದು ಸಣ್ಣ ತಾಮ್ರದ ಕೊಳವೆ ಒಳಗೆ ಬರುತ್ತದೆ. ಅದರ ತುದಿಯಲ್ಲಿ ಪೆನ್ಸಿಲಿನಷ್ಟು ದಪ್ಪದ ಗೊಟ್ಟ. ಅದರೊಳಗಿನ ದ್ರವ ಬಿಸಿಗೆ ಹಿಗ್ಗಿ ಹಿಂದಿನ ತಗಡನ್ನು ಒತ್ತುತ್ತದೆ, ಸ್ವಿಚ್ ಟಕ್ ಅಂತ ಬಿಡುತ್ತದೆ. ದ್ರವ ಸೋರಿ ಹೋಗಿದ್ದರೆ ಒತ್ತುವವರೇ ಇಲ್ಲ. ಆಗ ಓವನ್ ಆರುವುದೇ ಇಲ್ಲ, ಕಾಯುತ್ತಲೇ ಹೋಗಿ ಎಲ್ಲ ಸುಟ್ಟು ಕರಿಯಾಗಬೇಕು. ನಮ್ಮದು ಉಲ್ಟಾ, ಬೇಗ ಆರುತ್ತಿತ್ತು. ಅಂದರೆ ಥರ್ಮೋಸ್ಟ್ಯಾಟ್ ಬದುಕಿದೆ. ಏನೋ ಒಂದು ಅದಕ್ಕೆ ಸುಳ್ಳು ಹೇಳುತ್ತಿದೆ.

ಲೈನ್ ಬಜಾರಿನ ಕಡೆ ಮಿಕ್ಸರ್, ಮೋಟಾರು ರಿಪೇರಿ ಮಾಡುವ ವಯಸ್ಸಾದ ಒಬ್ಬ ಮಾಮಾ ಇದ್ದಾರೆ. ಆಟೋದಲ್ಲಿ ಓವನ್ ಒಯ್ದು ಅವರ ಮುಂದೆ ಇಟ್ಟೆ. ನಾನು ಬರೆದುಕೊಂಡಿದ್ದ ಚೀಟಿಯನ್ನು ಓದಿದರು, ಟಾರ್ಚ್ ಹಿಡಿದು ಒಳಗೆ ಇಣುಕಿದರು. "ಕೆಟ್ಟಿಲ್ರೀ ಅಕ್ಕಾರ, ಜಾಗಾ ಬಿಟ್ಟೈತಿ," ಅಂದರು. ಆ ಗೊಟ್ಟವನ್ನು ಗೋಡೆಗೆ ಹಿಡಿದಿಡುವ ಕ್ಲಿಪ್ಪು ಬಾಗಿತ್ತು. ಗೊಟ್ಟ ಜಾರಿ ಕೆಳಗಿನ ಕಾಯಿಲಿನ ಪಕ್ಕಕ್ಕೆ ಬಂದು ಕೂತಿತ್ತು. ಓವನ್ ಪೂರ್ತಿ ಕಾಯುವ ಮೊದಲೇ ಅದಕ್ಕೆ ಬಿಸಿ ತಟ್ಟಿ, ಸಾಕು ಅಂತ ಆರಿಸಿಬಿಡುತ್ತಿತ್ತು. ನಮ್ಮ ಅತ್ತೆ ಅದರಲ್ಲಿ ದೊಡ್ಡ ದೊಡ್ಡ ಬದನೆಕಾಯಿ ಸುಡುತ್ತಾರೆ. ಟ್ರೇ ತುರುಕುವಾಗ ತಾಗಿ ಕಳಚಿರಬೇಕು. ಮನೆಯಲ್ಲಿ ನಾನು ಈ ವಿಷಯ ಎತ್ತಲಿಲ್ಲ.

ಮಾಮಾ ಇಕ್ಕಳದಿಂದ ಕ್ಲಿಪ್ಪು ಸರಿಮಾಡಿ ಗೊಟ್ಟವನ್ನು ಮೇಲಕ್ಕೆ ಕೂರಿಸಿದರು. ಕೊಳವೆಯನ್ನು ಮುಟ್ಟುವಾಗ ಬಹಳ ಜೋಪಾನ ಮಾಡಿದರು. ಅದು ಮಡಿಚಿದರೆ, ಸೀಳಿದರೆ ಆಗ ನಿಜಕ್ಕೂ ಥರ್ಮೋಸ್ಟ್ಯಾಟ್ ಹೋದ ಹಾಗೆ. ಚಹಾದ ಖರ್ಚಿನಷ್ಟು ದುಡ್ಡು ತಗೊಂಡರು.

ಮನೆಗೆ ತಂದು ನೋಡಿದರೆ 180ಕ್ಕೆ ಇಟ್ಟಾಗ 170ರಿಂದ 195ರವರೆಗೆ ಆಡುತ್ತಿತ್ತು. ಖುಷಿ ಆಯಿತು. ಸಂಜೆ ಹಚ್ಚಿದರೆ ಮತ್ತೊಂದು ತಲೆನೋವು. ಬೆಳಿಗ್ಗೆ ಕಾಲು ಗಂಟೆಯಲ್ಲಿ ಕಾಯುತ್ತಿದ್ದ ಓವನ್ ಅರ್ಧ ಗಂಟೆ ಎಳೆಯಿತು. ಕೊನೆಗೆ 180 ಮುಟ್ಟುತ್ತಿತ್ತು ಅನ್ನಿ. ಆದರೆ ಟ್ರೇ ಇಡಲು ಬಾಗಿಲು ತೆಗೆದು ಹಾಕಿದರೆ ಮತ್ತೆ ಮೇಲೇರಲು ಅದಕ್ಕೆ ಕಸುವೇ ಇಲ್ಲ. ಪ್ಲಗ್ಗು ಮುಟ್ಟಿದರೆ ಕೈ ಸುಡುವಷ್ಟು ಬಿಸಿ.

ಪಕ್ಕದ ಮನೆಯ ಎಲೆಕ್ಟ್ರಿಶಿಯನ್ ಹುಡುಗ ಮೀಟರ್ ಹಿಡಿದು ನೋಡಿದ. ಓವನ್ ಹಚ್ಚಿದಾಗ, ಅದನ್ನು ಚುಚ್ಚಿದ್ದ ಎಕ್ಸ್‌ಟೆನ್ಷನ್ ಬಾಕ್ಸಿನಲ್ಲಿ 190 ವೋಲ್ಟ್. ಗೋಡೆಯ ದೊಡ್ಡ ಸಾಕೆಟ್ಟಿನಲ್ಲಿ ಹಾಕಿ ನೋಡಿದರೆ 207. ನಡುವಿನ ವ್ಯತ್ಯಾಸ ಆ ತೆಳ್ಳನೆ ವೈರು, ಸಡಿಲ ಪಿನ್ನುಗಳಲ್ಲೇ ಬಿಸಿಯಾಗಿ ಹೋಗುತ್ತಿತ್ತು. ವೋಲ್ಟೇಜ್ ಸ್ವಲ್ಪ ಇಳಿದರೂ ಕಾವು ಜಾಸ್ತಿ ಇಳಿಯುತ್ತದೆ. 230ಕ್ಕೆ 1500 ವ್ಯಾಟ್ ಕೊಡುವ ಕಾಯಿಲು 190ಕ್ಕೆ ಸುಮಾರು 1000 ವ್ಯಾಟ್ ಅಷ್ಟೇ ಕೊಡುತ್ತದೆ. ಇಂಥ ಓವನ್ನಿಗೆ 16 ಆಂಪಿಯರಿನ ಸಾಕೆಟ್ಟೇ ಬೇಕು. ಮೊಬೈಲ್ ಚಾರ್ಜ್ ಮಾಡುವ ಬಾಕ್ಸಿಗೆ ಚುಚ್ಚುವುದು ಬೆಂಕಿಗೆ ಆಮಂತ್ರಣ. ಫ್ರಿಜ್ಜನ್ನು ಆಚೆ ಸರಿಸಿ ಓವನ್ನನ್ನು ಗೋಡೆಯ ಸಾಕೆಟ್ಟಿನ ಹತ್ತಿರ ಇಟ್ಟೆವು. ಅಡುಗೆಮನೆ ನೋಡಲು ಚೆನ್ನಾಗಿಲ್ಲ ಅಂತ ಗಂಡನ ತಕರಾರು ಈಗಲೂ ಇದೆ.

ಏರಿಳಿತ ಕಡಿಮೆ ಮಾಡಲು ಭಟ್ಟಿಯ ಇಟ್ಟಿಗೆ ನೆನಪಾಯಿತು. ರೊಟ್ಟಿ ಸುಡುವ ಹಳೆಯ ಕಬ್ಬಿಣದ ಹಂಚೊಂದು ಅಟ್ಟದ ಮೇಲೆ ಬಿದ್ದಿತ್ತು. ಅದನ್ನು ತೊಳೆದು ಕೆಳಗಿನ ಜಾಳಿಗೆಯ ಮೇಲೆ ಇಟ್ಟೆ. ಗೋಡೆಗೆ ತಾಗದಂತೆ, ಸುತ್ತ ಗಾಳಿ ಆಡಲು ಜಾಗ ಬಿಟ್ಟು. ಕಾಯಲು ಸ್ವಲ್ಪ ಹೊತ್ತು ಜಾಸ್ತಿ ಬೇಕು. ಆದರೆ ಬಾಗಿಲು ತೆಗೆದಾಗ ಕಾವು ಮೊದಲಿನಷ್ಟು ಬೀಳುವುದಿಲ್ಲ, ಬಿದ್ದದ್ದು ಬೇಗ ಏರುತ್ತದೆ. ಕೆಂಪು ದೀಪ ಮೊದಲ ಸಲ ಆರಿದ ಕೂಡಲೇ ನಾನು ಟ್ರೇ ಇಡುವುದಿಲ್ಲ. ಆಗ ಕಾದಿರುವುದು ಗಾಳಿ ಮಾತ್ರ, ಹಂಚು ಇನ್ನೂ ಕಾಯುತ್ತಿರುತ್ತದೆ.

ಒಂದು ಮಾತ್ರ ಸರಿಹೋಗಲಿಲ್ಲ. ಜಾಳಿಗೆಯ ತುಂಬ ಬ್ರೆಡ್ ಚೂರು ಹರಡಿ ಸುಟ್ಟು ನೋಡಿದಾಗ, ಹಿಂದಿನ ಎಡಮೂಲೆಯವು ಕಂದು ಬಣ್ಣಕ್ಕೆ ತಿರುಗಿದ್ದವು, ಬಾಗಿಲ ಹತ್ತಿರದವು ಬೆಳ್ಳಗೇ ಇದ್ದವು. ಬಾಗಿಲ ಸ್ಪ್ರಿಂಗ್ ಸಡಿಲಾಗಿ ಒಂದು ಸಂದಿ ಬಿಟ್ಟಿದೆ, ಬಿಸಿ ಅಲ್ಲಿಂದ ಹೋಗುತ್ತದೆ. ಸ್ಪ್ರಿಂಗ್ ಹುಡುಕಿ ಕೊಡುತ್ತೇನೆ ಅಂತ ಮಾಮಾ ಹೇಳಿದ್ದಾರೆ. ಅಲ್ಲಿಯವರೆಗೆ ಅರ್ಧ ಬೆಂದ ಮೇಲೆ ಟ್ರೇ ತಿರುಗಿಸಿ ಇಡುತ್ತೇನೆ. ತುಪ್ಪದ ಅಳತೆ ಬದಲಿಸಿಲ್ಲ. ನಾನಕಟಾಯಿ ಗುಂಡಗೆ, ಮೇಲೆ ಬಿರುಕು ಬಿಟ್ಟು ಬರುತ್ತಿವೆ.