ಒಂಬತ್ತನೇ ಕ್ಲಾಸಿನ ‘ಸಿ’

ಕ್ಯಾಲಿಫೋರ್ನಿಯಾದಿಂದ ಅಕ್ಕನ ಫೋನು, ಒಂದೇ ಗೋಳು. ಮಗಳಿಗೆ ಒಂಬತ್ತನೇ ಕ್ಲಾಸಲ್ಲಿ ಗಣಿತಕ್ಕೆ ‘ಸಿ’ ಬಂದಿತ್ತು, ಈಗ ಹತ್ತರಲ್ಲಿ ಎಪಿ (ಹೈಸ್ಕೂಲಲ್ಲೇ ಓದೋ ಕಾಲೇಜು ಮಟ್ಟದ ಕ್ಲಾಸು) ವರ್ಲ್ಡ್ ಹಿಸ್ಟರಿ ಬಿಟ್ಟು ಸಾದಾ ಕ್ಲಾಸಿಗೆ ಬಂದಿದ್ದಾಳೆ. "ಇನ್ನು ಇವಳಿಗೆ ಒಳ್ಳೇ ಕಾಲೇಜು ಸಿಕ್ಕ ಹಾಗೇ ಕಣೋ!"

ಅಷ್ಟೇನೂ ಕೆಟ್ಟಿಲ್ಲ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದವರು ಜಿಪಿಎ, ಅಂದರೆ ಗ್ರೇಡುಗಳ ಸರಾಸರಿ, ಲೆಕ್ಕ ಹಾಕೋದು 10 ಮತ್ತು 11ನೇ ಕ್ಲಾಸಿನ ಗ್ರೇಡುಗಳಿಂದ. ಒಂಬತ್ತರದ್ದು ಅವರ ಕಣ್ಣಿಗೆ ಬೀಳುತ್ತೆ, ಲೆಕ್ಕಕ್ಕೆ ಸೇರಲ್ಲ. ‘ಸಿ’ ಇದ್ದರೆ ಆ ವಿಷಯ ಪಾರಾದ ಹಾಗೆ, ‘ಡಿ’ ಬಂದಿದ್ದರೆ ತಲೆನೋವು. ಎಪಿಯಲ್ಲಿ ‘ಎ’ ಬಂದರೆ 4ರ ಬದಲು 5 ಪಾಯಿಂಟು, ನಿಜ. ಆ ಹೆಚ್ಚುವರಿಗೂ ಮಿತಿ ಇದೆ, ಎಲ್ಲಾ ವಿಷಯ ಸೇರಿ 8 ಸೆಮಿಸ್ಟರ್ ಗ್ರೇಡುಗಳಿಗೆ ಮಾತ್ರ. ಖಾಸಗಿ ವಿಶ್ವವಿದ್ಯಾಲಯಗಳ ಕಥೆ ಬೇರೆ. ಅವರಲ್ಲಿ ಹೆಚ್ಚಿನವರು ಒಂಬತ್ತರಿಂದಲೇ ಜಾಲಾಡ್ತಾರೆ. ಶಾಲೆಯಲ್ಲಿದ್ದ ಕಷ್ಟದ ಕ್ಲಾಸುಗಳಲ್ಲಿ ಈ ಮಗು ಎಷ್ಟು ತಗೊಂಡಿತು ಅಂತ ಕೌನ್ಸೆಲರನ್ನೂ ಕೇಳ್ತಾರೆ.

ನಾವೋ, ಫಸ್ಟ್ ಪಿಯುಸಿಯನ್ನ ಕ್ಯಾಂಟೀನಲ್ಲಿ ಕಳೆದವರು. ಇಂಜಿನಿಯರಿಂಗ್ ರ್‍ಯಾಂಕಿಗೆ ಇಲ್ಲಿ ಇವತ್ತಿಗೂ ಸೆಕೆಂಡ್ ಪಿಯು ಅರ್ಧ, ಸಿಇಟಿ ಅರ್ಧ. ಅದಕ್ಕೂ ಹಿಂದಿನದನ್ನ ಯಾರೂ ಕೆದಕಲ್ಲ. ಹದಿನಾಲ್ಕರ ವಯಸ್ಸಿನ ಒಂದು ಕೆಟ್ಟ ಸೆಮಿಸ್ಟರನ್ನೂ ನೆನಪಿಟ್ಟುಕೊಳ್ಳೋ ಪದ್ಧತಿ ಕ್ರೂರವೋ, ಸಿಇಟಿ ದಿನ ಜ್ವರ ಬಂದರೆ ಕೈಬಿಡೋ ನಮ್ಮದೋ, ನನಗಂತೂ ತೀರ್ಮಾನ ಆಗಿಲ್ಲ.

"ಹನ್ನೊಂದರಲ್ಲಿ ಅವಳಿಗೆ ಇಷ್ಟವಾದ ಬಯಾಲಜಿ ಒಂದೇ ಎಪಿ ತಗೊಳ್ಳಲಿ ಬಿಡೇ" ಅಂದೆ.

"ಪಕ್ಕದ ಮನೆ ಹುಡುಗ ಐದು ತಗೊಂಡಿದಾನಲ್ಲೋ?"